ಕಮಾನಿಗೆ ಕಂಬಿ ಯಾಕೆ ಬೇಕು?

ನಮಸ್ಕಾರ. "ಕಮಾನು ಬರೀ ಒತ್ತಡದಲ್ಲೇ ನಿಲ್ಲುತ್ತದೆ, ಕಾಂಕ್ರೀಟು ಒತ್ತಡ ಚೆನ್ನಾಗಿ ತಡೆಯುತ್ತದೆ, ಮತ್ತೆ ಸ್ವಿಟ್ಜರ್‌ಲೆಂಡಿನ ಲಾಂಗ್ವೀಸ್ ರೈಲು ಸೇತುವೆಯ ಕಾಂಕ್ರೀಟಿನೊಳಗೆ ಕಬ್ಬಿಣದ ಕಂಬಿ ಯಾಕೆ?" ಅಂತ ಕೇಳಿದ್ದೀರಿ. ತುಂಬ ಒಳ್ಳೆಯ ಪ್ರಶ್ನೆ.

ಭಾರ ಎರಡೂ ಕಡೆ ಸಮನಾಗಿದ್ದರೆ ನಿಮ್ಮ ಮಾತು ಬಹುಪಾಲು ಸರಿ. ಆದರೆ ರೈಲು ಒಂದು ತುದಿಯಿಂದ ಒಳಗೆ ಬರುತ್ತದೆ. ಒಂದು ತೆಳು ಬೆತ್ತವನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಎರಡೂ ತುದಿ ನೆಲಕ್ಕೆ ಊರಿ, ಎಡಭಾಗವನ್ನು ಬೆರಳಿಂದ ಒತ್ತಿ ನೋಡಿ: ಎಡ ಕುಸಿಯುತ್ತದೆ, ಬಲ ಉಬ್ಬುತ್ತದೆ. ಇಂಜಿನ್ ಅರ್ಧ ದಾರಿ ಬಂದಾಗ ಕಮಾನಿಗೂ ಹೀಗೇ ಬಾಗುವ ಒತ್ತಾಯ. ಆಗ ಒಂದು ಮೈಯಲ್ಲಿ ಎಳೆತ ಹುಟ್ಟಬಹುದು, ಎಳೆತಕ್ಕೆ ಕಾಂಕ್ರೀಟು ಬೇಗ ಬಿರುಕು ಬಿಡುತ್ತದೆ. ಕಂಬಿ ಅದಕ್ಕೇ. ಚಳಿ-ಬಿಸಿಲಿನ ಹಿಗ್ಗು ಕುಗ್ಗೂ ಸೇರುತ್ತದೆ. ಸೇತುವೆ ಇರುವುದು ಆಲ್ಪ್ಸ್ ಬೆಟ್ಟದಲ್ಲಲ್ಲವೇ.

ಕೂರ್–ಅರೋಸಾ ರೈಲು ಮಾರ್ಗದ ಈ ಸೇತುವೆ 1914ರಲ್ಲಿ ಮುಗಿಯಿತು. ಮುಖ್ಯ ಕಮಾನು ಬುಡದಿಂದ ಬುಡಕ್ಕೆ ಸುಮಾರು 100 ಮೀಟರ್, ಸೇತುವೆಯ ಎತ್ತರ 62 ಮೀಟರ್. ಹತ್ತಿರದಲ್ಲಿ ಕಟ್ಟಡಕ್ಕೆ ಒಗ್ಗುವ ಕಲ್ಲಿರಲಿಲ್ಲ, ಜಲ್ಲಿ ಮರಳು ಧಾರಾಳವಾಗಿತ್ತು, ಹಾಗಾಗಿ ಕಾಂಕ್ರೀಟು.

ನನಗೆ ಕಮಾನಿಗಿಂತ ಅದರ ಸೆಂಟ್ರಿಂಗೇ (ಕಾಂಕ್ರೀಟು ಗಟ್ಟಿಯಾಗುವ ತನಕ ಕಮಾನನ್ನು ಹೊರುವ ತಾತ್ಕಾಲಿಕ ಚೌಕಟ್ಟು) ದೊಡ್ಡ ಕೆಲಸ ಅನಿಸುತ್ತದೆ. ಇಂಥ ಚೌಕಟ್ಟು ಕಟ್ಟುವುದರಲ್ಲಿ ಹೆಸರಾದ ರಿಚರ್ಡ್ ಕೊರಾಯ್ ಕಣಿವೆಯ ತಳದಿಂದ ಬೀಸಣಿಗೆಯಂತೆ ಮರದ ತೊಲೆಗಳನ್ನು ಹರಡಿ ಅದನ್ನು ಕಟ್ಟಿಸಿದರು. ಇಂಥ ಕಮಾನಿಗೆ ಕಾಂಕ್ರೀಟನ್ನು ಎರಡೂ ಬದಿಯಿಂದ ಸಮನಾಗಿ ಹಾಕುತ್ತಾ ಹೋಗಬೇಕು. ಒಂದು ಕಡೆ ಮುಂದಾದರೆ ಇಡೀ ಮರದ ಚೌಕಟ್ಟು ವಾಲುತ್ತದೆ. ಬಿಚ್ಚುವಾಗಲೂ ಅವಸರ ಸಲ್ಲದು: ಮೊದಲು ನೆತ್ತಿಯಲ್ಲಿ ಸ್ವಲ್ಪ ಇಳಿಸಿ, ಆಮೇಲೆ ಎರಡೂ ಬುಡದ ಕಡೆಗೆ ಸಮನಾಗಿ ಸಡಿಲಿಸುತ್ತಾ ಬರಬೇಕು.