ಮಾಲ್‌ನ ಯಂತ್ರ ಹೇಳಿದ ‘ಚರ್ಮದ ವಯಸ್ಸು’ ನಂಬಬಹುದಾ?

ನಿಮಗೆ 38, ಕೆನ್ನೆಯಲ್ಲಿ ಭಂಗು (ಕಪ್ಪು ಕಲೆ) ಇದೆ, ಮಾಲ್‌ನ ಸ್ಕಿನ್ ಅನಲೈಸರ್ ‘ಚರ್ಮದ ವಯಸ್ಸು 47’ ಅಂದಿದೆ, ನಿಜವೇ ಎಂದು ಕೇಳಿದ್ದೀರಿ. ಆ ಅಂಕಿಗೆ ದಯವಿಟ್ಟು ತಲೆ ಕೆಡಿಸಿಕೊಳ್ಳಬೇಡಿ. ಅಂಥ ಯಂತ್ರಗಳು ಸಾಮಾನ್ಯವಾಗಿ ಮುಖದ ಫೋಟೊ ತೆಗೆದು ಸುಕ್ಕು, ಕಲೆಗಳನ್ನು ಎಣಿಸಿ ಅಂದಾಜು ಹೇಳುತ್ತವೆ. ಬೆಳಕು ಬದಲಾದರೆ ಅಂಕಿಯೂ ಬದಲಾಗಬಹುದು.

ಪ್ರಯೋಗಾಲಯದಲ್ಲಿ ಅಳೆಯುವ ರೀತಿಯೇ ಬೇರೆ. ಕ್ಯೂಟೋಮೀಟರ್ ಎಂಬ ಉಪಕರಣದ ತುದಿಯಲ್ಲಿ ಹೆಚ್ಚಾಗಿ 2 ಮಿಲಿಮೀಟರ್ ಅಗಲದ ತೂತು ಇರುತ್ತದೆ. ಅದನ್ನು ಕೆನ್ನೆಗೋ ಮುಂಗೈಗೋ ಒತ್ತಿ ಹಿಡಿದು ಗಾಳಿ ಎಳೆದಾಗ ಚರ್ಮ ಎಷ್ಟು ಒಳಗೆ ಉಬ್ಬಿತು, ಬಿಟ್ಟ ಮೇಲೆ ಎಷ್ಟರಮಟ್ಟಿಗೆ ಮೊದಲಿನಂತಾಯಿತು ಎಂದು ನೋಡುತ್ತಾರೆ. ಚರ್ಮ ಹಿಗ್ಗಿ ಮರಳುವಂತೆ ಮಾಡುವ ಎಲಾಸ್ಟಿನ್ ಎಳೆಗಳು ಹಾಳಾದಷ್ಟೂ ಚರ್ಮ ಸರಿಯಾಗಿ ಮರಳುವುದಿಲ್ಲ. ಒಬ್ಬರದೇ ಮೈಯಲ್ಲಿ ಬಿಸಿಲು ಬೀಳುವ ಜಾಗಕ್ಕೂ ಬೀಳದ ಜಾಗಕ್ಕೂ ಫಲಿತಾಂಶ ಬೇರೆ ಬರುತ್ತದೆ. ಹಾಗಿದ್ದಮೇಲೆ ಇಡೀ ಚರ್ಮಕ್ಕೆ ಒಂದೇ ವಯಸ್ಸು ಎಲ್ಲಿಂದ ಬರಬೇಕು?

ಇದಕ್ಕೆ ಒಳ್ಳೆಯ ಸಾಕ್ಷಿ, 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ 69 ವರ್ಷದ ಲಾರಿ ಚಾಲಕರ ಫೋಟೊ. 28 ವರ್ಷ ಲಾರಿ ಓಡಿಸಿದ ಅವರ ಮುಖದಲ್ಲಿ ಕಿಟಕಿ ಕಡೆಯ ಎಡಭಾಗ (ಅಲ್ಲಿ ಚಾಲಕರು ಕೂರುವುದು ಎಡಕ್ಕೆ) ಮಾತ್ರ ದಪ್ಪಗಾಗಿ, ಆಳವಾಗಿ ಸುಕ್ಕುಗಟ್ಟಿತ್ತು. ಬಿಸಿಲಿನಲ್ಲಿರುವ ಯುವಿ-ಎ ಎಂಬ ನೇರಳಾತೀತ ಕಿರಣ ಗಾಜನ್ನೂ ದಾಟಿ ಬರುತ್ತದೆ. ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ಎಳೆಗಳನ್ನು ಕತ್ತರಿಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ.

ಇನ್ನೊಂದು ವಿಷಯ: ನಮ್ಮಂಥ ಕಂದು ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಜಾಸ್ತಿ ಇರುವುದರಿಂದ ಸುಕ್ಕು ತಡವಾಗಿ ಬರುತ್ತದೆ, ಕಪ್ಪು ಕಲೆ ಮೊದಲು ಕಾಣುತ್ತದೆ. ನೀವು ಹೇಳಿದ ಕೆನ್ನೆಯ ಭಂಗನ್ನೇ ಆ ಯಂತ್ರ ಮುಪ್ಪು ಎಂದು ಎಣಿಸಿರಬಹುದು. ಅದಕ್ಕೆ ಬೇಕಾದದ್ದು ಚರ್ಮವೈದ್ಯರ ಸಲಹೆ ಮತ್ತು ದಿನವೂ ಸನ್‌ಸ್ಕ್ರೀನ್. ಮಾಲ್‌ನವರು ಮಾರುವ ‘ಆ್ಯಂಟಿ ಏಜಿಂಗ್’ ಪ್ಯಾಕೇಜ್ ಖಂಡಿತ ಬೇಡ.