ಮಗಳ ಬಿಬಿಎ: ಹೆಸರಿಗಿಂತ ಮೊದಲು ಪಠ್ಯಕ್ರಮ ನೋಡಿ

ಚಳ್ಳಕೆರೆಯ ತಾಯಿಯೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಮಗಳು ಕಲಾ ವಿಭಾಗದಲ್ಲಿ ಪಿಯುಸಿ ಪಾಸಾಗಿದ್ದಾಳೆ, ಅಕೌಂಟ್ಸ್ ಓದಿಲ್ಲ, ದಾವಣಗೆರೆಗೆ ಹೋಗಿ ಬಿಬಿಎ (ವ್ಯವಹಾರ ನಿರ್ವಹಣೆಯ ಪದವಿ) ಮಾಡುತ್ತೇನೆ ಎನ್ನುತ್ತಾಳೆ. ಅವಳಿಗೆ ಅದು ಕೈಗೆ ಹತ್ತುತ್ತದೆಯೇ, ಬಿ.ಕಾಂ ಮೇಲೋ ಬಿಬಿಎ ಮೇಲೋ, ಮುಂದೆ ಸಿಎ ಮಾಡಲು ಆಗುತ್ತದೆಯೇ ಎಂದು ಕೇಳಿದ್ದಾರೆ. ‘ಎಚ್‌ಆರ್ (ಸಿಬ್ಬಂದಿ ನಿರ್ವಹಣೆ) ಸುಲಭ, ಫೈನಾನ್ಸ್ ಕಷ್ಟ, ಮಾರ್ಕೆಟಿಂಗ್ ಹೆಣ್ಣುಮಕ್ಕಳಿಗಲ್ಲ’ ಎಂದು ಅವಳ ಸೋದರಮಾವ ಹೇಳಿದ್ದಾರಂತೆ. ಒಂದು ಕಾಲೇಜಿನವರು ಸೀಟು ಕಾಯ್ದಿರಿಸಲು ಈಗಲೇ ಹಣ ಕಟ್ಟಿ ಎಂದಿದ್ದಾರಂತೆ.

ಅಮ್ಮಾ, ನಮಸ್ಕಾರ.

ಸೋದರಮಾವನ ಮಾತಿನಿಂದಲೇ ಶುರು ಮಾಡುತ್ತೇನೆ. ಫೈನಾನ್ಸೋ, ಮಾರ್ಕೆಟಿಂಗೋ, ಎಚ್‌ಆರೋ ಎಂಬುದನ್ನು ಈ ಜೂನ್‌ನಲ್ಲಿ ತೀರ್ಮಾನ ಮಾಡಬೇಕಾಗಿಲ್ಲ. ಆರು ಸೆಮಿಸ್ಟರ್‌ಗಳ ಬಿಬಿಎಯಲ್ಲಿ ಐಚ್ಛಿಕ ವಿಷಯದ ಪತ್ರಿಕೆಗಳು ಸಾಮಾನ್ಯವಾಗಿ ಬರುವುದು ಕೊನೆಯ ವರ್ಷದಲ್ಲಿ, ಅದೂ ಬೆರಳೆಣಿಕೆಯಷ್ಟು. ಅದಕ್ಕಿಂತ ಮುಂಚಿನ ಲೆಕ್ಕಪತ್ರ, ಸಂಖ್ಯಾಶಾಸ್ತ್ರ, ವ್ಯವಹಾರ ಕಾನೂನು, ಅರ್ಥಶಾಸ್ತ್ರ, ಕಾಸ್ಟಿಂಗ್ (ಉತ್ಪಾದನಾ ವೆಚ್ಚದ ಲೆಕ್ಕ), ಹಣಕಾಸು ನಿರ್ವಹಣೆ, ಭಾಷೆಗಳು, ಸಂವಿಧಾನ ಎಲ್ಲವೂ ಎಲ್ಲರಿಗೂ ಒಂದೇ. ಮಕ್ಕಳು ಫೇಲಾಗುವುದೂ ಹೆಚ್ಚಾಗಿ ಈ ಕಡ್ಡಾಯ ಪತ್ರಿಕೆಗಳಲ್ಲೇ. ಅದರಲ್ಲೂ ಲೆಕ್ಕ ಇರುವ ಪತ್ರಿಕೆಗಳಲ್ಲಿ.

ಪದವಿ ಈಗ ಮೂರು ವರ್ಷದ್ದು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಬಂದ ನಾಲ್ಕು ವರ್ಷದ ವ್ಯವಸ್ಥೆಯನ್ನು ಕರ್ನಾಟಕ ಸರ್ಕಾರ 2024-25ರಿಂದ ಕೈಬಿಟ್ಟಿದೆ. ಹಾಗಾಗಿ ನೆರೆಮನೆಯ ಹುಡುಗನ 2022ರ ಪಠ್ಯಕ್ರಮವನ್ನು ನಂಬಿ ಪುಸ್ತಕ ಕೊಳ್ಳಬೇಡಿ. ಪಠ್ಯಕ್ರಮದಲ್ಲಿ ಪ್ರತಿ ಪತ್ರಿಕೆಯ ಮುಂದೆ ಕ್ರೆಡಿಟ್ ಎಂದು ಒಂದು ಸಂಖ್ಯೆ ಇರುತ್ತದೆ. ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರ್‌ಗೆ 15 ಗಂಟೆ ಪಾಠ. ನಾಲ್ಕು ಕ್ರೆಡಿಟ್‌ನ ಪತ್ರಿಕೆಗೆ 60 ಗಂಟೆ, ಅಂದರೆ ಸುಮಾರು 15 ವಾರ, ವಾರಕ್ಕೆ ನಾಲ್ಕು ಕ್ಲಾಸು. ಕಾಲೇಜಿನ ವೇಳಾಪಟ್ಟಿಯಲ್ಲಿ ಆ ನಾಲ್ಕು ಕ್ಲಾಸು ಇವೆಯೇ ಎಂದು ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ.

ಈಗ ಕಲಾ ವಿಭಾಗದ ಚಿಂತೆಗೆ ಬರೋಣ. ಬಿಬಿಎಗೆ ಪಿಯುಸಿಯ ಯಾವ ವಿಭಾಗದವರೂ ಸೇರಬಹುದು. ಅಡ್ಡಿ ಅರ್ಹತೆಯದ್ದಲ್ಲ, ಅಕೌಂಟ್ಸ್‌ನದು. ವಾಣಿಜ್ಯದಿಂದ ಬಂದವರು ಎರಡು ವರ್ಷ ಜರ್ನಲ್ (ವ್ಯವಹಾರಗಳ ಮೊದಲ ದಾಖಲೆ) ಬರೆದು ಬಂದಿರುತ್ತಾರೆ. ಮೇಷ್ಟ್ರು ‘ಇದು ನಿಮಗೆ ಗೊತ್ತೇ ಇದೆ’ ಎಂದು ಮುಂದೆ ಹೋಗುತ್ತಾರೆ, ನಿಮ್ಮ ಮಗಳು ಎರಡನೇ ವಾರದಲ್ಲೇ ಹಿಂದೆ ಉಳಿಯುತ್ತಾಳೆ. ಪರಿಹಾರ ಇದೆ. ತರಗತಿ ಶುರುವಾಗುವ ಮೊದಲು ಪ್ರಥಮ ಪಿಯುಸಿಯ ಅಕೌಂಟೆನ್ಸಿ ಪುಸ್ತಕ ತಂದುಕೊಡಿ. ಜರ್ನಲ್, ಲೆಡ್ಜರ್ (ಖಾತೆವಾರು ಪುಸ್ತಕ), ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಶಿಲ್ಕಿನ ಪಟ್ಟಿ), ಕೊನೆಗೆ ಹೊಂದಾಣಿಕೆಗಳ ಸಮೇತ ಅಂತಿಮ ಲೆಕ್ಕ, ಇದೇ ಕ್ರಮದಲ್ಲಿ, ಬರೀ ಓದದೆ ಪೆನ್ಸಿಲ್ ಹಿಡಿದು ಮಾಡಬೇಕು.

ಹೊಸಬರು ಎಡವುವ ಜಾಗವನ್ನು ಹೇಳಿಬಿಡುತ್ತೇನೆ. ಟ್ರಯಲ್ ಬ್ಯಾಲೆನ್ಸ್ ಒಳಗೆ ಕೊಟ್ಟ ಬಾಬತ್ತು ಅಂತಿಮ ಲೆಕ್ಕದಲ್ಲಿ ಒಂದೇ ಕಡೆ ಬರುತ್ತದೆ, ಅದರ ಕೆಳಗೆ ಹೊಂದಾಣಿಕೆಯಾಗಿ ಕೊಟ್ಟಿದ್ದು ಎರಡು ಕಡೆ ಬರುತ್ತದೆ. ‘ಕೂಲಿ ಬಾಕಿ 5,000 ರೂಪಾಯಿ’ ಎಂದು ಕೆಳಗೆ ಬರೆದಿದ್ದರೆ ಟ್ರೇಡಿಂಗ್ ಖಾತೆಯಲ್ಲಿ ಕೂಲಿಗೆ 5,000 ಸೇರಬೇಕು, ಬ್ಯಾಲೆನ್ಸ್ ಶೀಟಿನ ಹೊಣೆಗಳ ಕಡೆಯೂ 5,000 ಕಾಣಬೇಕು. ಒಂದು ಕಡೆ ಬಿಟ್ಟರೆ ಬ್ಯಾಲೆನ್ಸ್ ಶೀಟಿನ ಎರಡು ಬದಿಯ ಮೊತ್ತಗಳ ನಡುವೆ ಸರಿಯಾಗಿ 5,000ದ ವ್ಯತ್ಯಾಸ ಬರುತ್ತದೆ. ಅವಳು ಆ ವ್ಯತ್ಯಾಸದ ಸಂಖ್ಯೆಯನ್ನೇ ಹಿಡಿದು ಹೊಂದಾಣಿಕೆಗಳಲ್ಲಿ ಹುಡುಕಲಿ, ತಪ್ಪು ಬಹುಪಾಲು ಅಲ್ಲೇ ಸಿಗುತ್ತದೆ. ಇಷ್ಟು ಕೈಗೆ ಹತ್ತಿದರೆ ಮೊದಲ ವರ್ಷ ದಾಟುವುದು ಕಷ್ಟವಲ್ಲ.

ಐಚ್ಛಿಕ ವಿಷಯವನ್ನು ಎರಡನೇ ವರ್ಷದ ಕೊನೆಗೆ, ತನ್ನ ಅಂಕಪಟ್ಟಿ ಮುಂದಿಟ್ಟುಕೊಂಡು ಆರಿಸಿಕೊಳ್ಳಲಿ. ಹಣಕಾಸು ನಿರ್ವಹಣೆಯಲ್ಲಿ ಇಂಥ ಲೆಕ್ಕ ಬರುತ್ತದೆ: ಇವತ್ತು ಒಂದು ಲಕ್ಷ ಹಾಕಿದರೆ ಮೂರು ವರ್ಷ ವರ್ಷಕ್ಕೆ 40,000 ಬರುವ ಯಂತ್ರ ಕೊಳ್ಳಬಹುದೇ? ಕೈಲೆಕ್ಕಕ್ಕೆ 20,000 ಲಾಭ. ಆದರೆ ಹಣದ ವೆಚ್ಚ (ಬಡ್ಡಿಯಂತೆ) ವರ್ಷಕ್ಕೆ ಶೇ 10 ಎಂದಿಟ್ಟುಕೊಂಡು, ಮುಂದೆ ಬರುವ ಒಂದು ರೂಪಾಯಿಯ ಇಂದಿನ ಬೆಲೆ ತೋರಿಸುವ ಕೋಷ್ಟಕದ 0.9091, 0.8264, 0.7513 ಗುಣಿಸಿದರೆ ಇಂದಿನ ಬೆಲೆ 36,364, 33,056 ಮತ್ತು 30,052. ಕೂಡಿದರೆ 99,472. ಹಾಕಿದ ಲಕ್ಷಕ್ಕೆ 528 ರೂಪಾಯಿ ಕಡಿಮೆ, ಹಾಗಾಗಿ ಕೊಳ್ಳಬಾರದು. ಈ ಲೆಕ್ಕವನ್ನು ಬಿಡಿಸಿ, ಹೀಗೇಕೆ ಎಂದು ತಮ್ಮನಿಗೆ ವಿವರಿಸಬಲ್ಲಳಾದರೆ ಫೈನಾನ್ಸ್ ಅವಳಿಗೆ ಹೊಂದುತ್ತದೆ. ಕಲೆ ಓದಿದ್ದಾಳೋ ವಾಣಿಜ್ಯ ಓದಿದ್ದಾಳೋ ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ.

ಎಚ್‌ಆರ್ ಸುಲಭ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪುಸ್ತಕದ ಥಿಯರಿ ಬರೆದು ಪಾಸಾಗಬಹುದು, ನಿಜ. ಕೆಲಸಕ್ಕೆ ಹೋದ ಮೊದಲ ತಿಂಗಳೇ ಸಂಬಳದ ಪಟ್ಟಿ ಕೈಗೆ ಬರುತ್ತದೆ. ಪಿಎಫ್ (ಭವಿಷ್ಯ ನಿಧಿ) ಲೆಕ್ಕಕ್ಕೆ ಬರುವ ವೇತನ 15,000 ಇರುವ ನೌಕರನಿಂದ ಶೇ 12ರಂತೆ 1,800 ಕಡಿತ. ಮಾಲೀಕರೂ 1,800 ಹಾಕುತ್ತಾರೆ, ಅದರಲ್ಲಿ 1,250 ಪಿಂಚಣಿ ನಿಧಿಗೆ, 550 ಮಾತ್ರ ಪಿಎಫ್‌ಗೆ. 18,000 ವೇತನಕ್ಕೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ನೌಕರನಿಂದ ಶೇ 0.75, ಅಂದರೆ 135. ಮಾಲೀಕರಿಂದ ಶೇ 3.25, ಅಂದರೆ 585. ಇದರ ಜೊತೆಗೆ ಕಾರ್ಮಿಕ ಕಾನೂನೇ ಬದಲಾಗಿದೆ. ಹಳೆಯ 29 ಕಾಯ್ದೆಗಳ ಜಾಗಕ್ಕೆ ಬಂದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಆದಾಯ ತೆರಿಗೆಗೂ 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ. ಸೀನಿಯರ್‌ಗಳ ಸೆಕೆಂಡ್‌ಹ್ಯಾಂಡ್ ಪುಸ್ತಕ ಅಕೌಂಟ್ಸ್‌ಗೂ ಸಂಖ್ಯಾಶಾಸ್ತ್ರಕ್ಕೂ ಸಾಕು. ತೆರಿಗೆ, ಜಿಎಸ್‌ಟಿ, ಕಾರ್ಮಿಕ ಕಾನೂನಿಗೆ ಮಾತ್ರ ಹೊಸ ಮುದ್ರಣವೇ ಆಗಬೇಕು.

ಮಾರ್ಕೆಟಿಂಗ್ ಹೆಣ್ಣುಮಕ್ಕಳಿಗಲ್ಲ ಎನ್ನುವುದು ತಪ್ಪು ತಿಳಿವಳಿಕೆ. ಅಣ್ಣನವರಿಗೆ ಅದನ್ನು ಮೆಲ್ಲಗೆ ಆದರೆ ಖಚಿತವಾಗಿ ಹೇಳಿ. ಗ್ರಾಹಕರ ವರ್ತನೆ, ಜಾಹೀರಾತು, ಚಿಲ್ಲರೆ ವ್ಯಾಪಾರ, ಆನ್‌ಲೈನ್ ಮಾರಾಟ ಇವುಗಳಲ್ಲಿ ಹೆಣ್ಣು ಗಂಡು ಎಂಬ ಭೇದಕ್ಕೆ ಜಾಗವೇ ಇಲ್ಲ.

ಇನ್ನೊಂದು ಎಚ್ಚರಿಕೆ. ಕಾಲೇಜಿನ ಕೈಪಿಡಿಯಲ್ಲಿ ನಾಲ್ಕೈದು ಐಚ್ಛಿಕ ವಿಷಯ ಅಚ್ಚಾಗಿರುತ್ತವೆ. ಸಾಕಷ್ಟು ಮಕ್ಕಳು ಸೇರದಿದ್ದರೆ ಅಥವಾ ಕಲಿಸುವವರಿಲ್ಲದಿದ್ದರೆ ಒಂದೋ ಎರಡೋ ಮಾತ್ರ ನಡೆಯುತ್ತವೆ. ‘ಏನೇನು ಇದೆ’ ಎಂದು ಕೇಳಬೇಡಿ, ‘ಹೋದ ವರ್ಷ ಅಂತಿಮ ವರ್ಷದವರಿಗೆ ಯಾವುದು ನಡೆಯಿತು, ಯಾರು ಪಾಠ ಮಾಡಿದರು’ ಎಂದು ಕೇಳಿ. ಬಿಸಿನೆಸ್ ಅನಾಲಿಟಿಕ್ಸ್ (ವ್ಯವಹಾರದ ಅಂಕಿಅಂಶಗಳ ವಿಶ್ಲೇಷಣೆ) ಎಂದು ಹೇಳಿದರೆ ಕಂಪ್ಯೂಟರ್ ಲ್ಯಾಬ್ ತೋರಿಸಿ ಎನ್ನಿ. ಆರಿಸಿಕೊಂಡ ವಿಷಯ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ ನಡೆಯುವ ಯುಯುಸಿಎಂಎಸ್ ಪೋರ್ಟಲ್‌ನಲ್ಲೂ ಅದೇ ಇದೆಯೇ ಎಂದು ಅವಳೇ ಲಾಗಿನ್ ಆಗಿ ನೋಡಬೇಕು. ತರಗತಿಯಲ್ಲಿ ಒಂದು, ಪೋರ್ಟಲ್‌ನಲ್ಲಿ ಇನ್ನೊಂದು ಇದ್ದರೆ ಪ್ರವೇಶಪತ್ರ ಬರುವ ಹೊತ್ತಿಗೆ ಪರದಾಟ ತಪ್ಪದು.

ಪ್ರಾಜೆಕ್ಟ್ ವರದಿಗೆ ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಷ್ಟು ಒಳ್ಳೆಯ ನೆಲ ಬೇರೆ ಇಲ್ಲ ಎಂದೇ ನನ್ನ ನಂಬಿಕೆ. ಬೆಂಗಳೂರಿನ ದೊಡ್ಡ ಕಂಪನಿಯ ಹೆಸರು ಹಾಕಿ ಅಂತರ್ಜಾಲದಿಂದ ಇಳಿಸಿದ ವರದಿ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ. ನಿಮ್ಮ ಊರಿನ ಎಣ್ಣೆ ಮಿಲ್ಲನ್ನೇ ತೆಗೆದುಕೊಳ್ಳಿ. ಶೇಂಗಾ ಬೀಜ ಅರೆದರೆ ಎಣ್ಣೆಯೂ ಬರುತ್ತದೆ, ಹಿಂಡಿಯೂ ಬರುತ್ತದೆ. ಬೀಜದ ಬೆಲೆ, ಕರೆಂಟು, ಕೂಲಿ ಎರಡಕ್ಕೂ ಸೇರಿ ಆದ ಖರ್ಚು. ಒಂದು ಕೆಜಿ ಎಣ್ಣೆಯ ಉತ್ಪಾದನಾ ವೆಚ್ಚ ಎಷ್ಟು ಎಂದು ಹೇಳಬೇಕಾದರೆ ಹಿಂಡಿ ಮಾರಿದ ಹಣವನ್ನು ಒಟ್ಟು ಖರ್ಚಿನಲ್ಲಿ ಕಳೆಯಬೇಕೋ, ಅಥವಾ ಎರಡರ ಮಾರಾಟ ಬೆಲೆಯ ಪ್ರಮಾಣದಲ್ಲಿ ಖರ್ಚು ಹಂಚಬೇಕೋ? ಎರಡೂ ರೀತಿ ಮಾಡಿ, ಉತ್ತರ ಎಲ್ಲಿ ಬೇರೆಯಾಯಿತು, ಹಿಂಡಿಯ ದರ ಏರಿದಾಗ ಏನಾಯಿತು ಎಂದು ಬರೆದರೆ ಅದು ಕಾಸ್ಟಿಂಗ್ ಪತ್ರಿಕೆಯ ತಿರುಳೇ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ, ಎಪಿಎಂಸಿಯ ಮೆಕ್ಕೆಜೋಳದ ವ್ಯಾಪಾರದಲ್ಲಿ, ಚನ್ನಗಿರಿ ಕಡೆಯ ಅಡಿಕೆ ಸಹಕಾರ ಸಂಘದಲ್ಲಿ ಇಂಥ ಪ್ರಶ್ನೆಗಳು ಬೇಕಾದಷ್ಟಿವೆ. ಮಾಲೀಕರ ಒಪ್ಪಿಗೆ ಪತ್ರವನ್ನು ಮೊದಲೇ ತೆಗೆದುಕೊಳ್ಳಲಿ.

ಬಿ.ಕಾಂ ಮೇಲೋ ಎಂದರೆ, ಅದು ಎಲ್ಲಿಗೆ ಹೋಗಬೇಕು ಎಂಬುದರ ಮೇಲಿದೆ. ಬಿ.ಕಾಂನಲ್ಲಿ ಲೆಕ್ಕಪತ್ರ, ತೆರಿಗೆ, ಆಡಿಟಿಂಗ್ ಹೆಚ್ಚು. ಎಂ.ಕಾಂ ಮಾಡಿ ಪಿಯು ಕಾಲೇಜಿನಲ್ಲಿ ವಾಣಿಜ್ಯ ಉಪನ್ಯಾಸಕಿಯಾಗುವ ಆಸೆ ಇದ್ದರೆ ಅದೇ ನೇರ ದಾರಿ, ಜೊತೆಗೆ ಬಿ.ಇಡಿ ಬೇಕಾಗುತ್ತದೆ. ಎಂಬಿಎಗೆ ಎರಡೂ ನಡೆಯುತ್ತದೆ. ರಾಜ್ಯದ ಪಿಜಿಸಿಇಟಿ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಮೂಲಕ ಹೋಗಲು ಪದವಿಯಲ್ಲಿ ಶೇ 50, ಪರಿಶಿಷ್ಟರಿಗೂ ಪ್ರವರ್ಗ-1ಕ್ಕೂ ಶೇ 45 ಅಂಕ ಬೇಕು. ಬಿಬಿಎಯಲ್ಲಿ ಎಚ್‌ಆರ್ ಓದಿದವಳು ಎಂಬಿಎಯಲ್ಲಿ ಫೈನಾನ್ಸ್ ಆರಿಸಿಕೊಳ್ಳಬಹುದು.

ಸಿಎಗೆ ಎರಡು ಬಾಗಿಲು. ಪಿಯುಸಿ ಆದ ಮೇಲೆ ಯಾವ ವಿಭಾಗದವರೂ ಫೌಂಡೇಷನ್ ಎಂಬ ಮೊದಲ ಹಂತದ ಪರೀಕ್ಷೆ ಬರೆಯಬಹುದು: 100 ಅಂಕದ ನಾಲ್ಕು ಪತ್ರಿಕೆ, ಒಂದೊಂದರಲ್ಲೂ ಕನಿಷ್ಠ 40, ಒಟ್ಟು ಶೇ 50 ಬರಬೇಕು. ಅಥವಾ ಪದವಿ ಮುಗಿಸಿ ಫೌಂಡೇಷನ್ ಇಲ್ಲದೆ ನೇರವಾಗಿ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಅದಕ್ಕೆ ವಾಣಿಜ್ಯ ಪದವೀಧರರಿಗೆ ಶೇ 55, ಇತರರಿಗೆ ಶೇ 60 ಬೇಕು. ಅಕೌಂಟ್ಸ್ ಹೊಸದಾಗಿ ಕಲಿಯುವವಳಿಗೆ ಎರಡನೇ ದಾರಿಯೇ ವಾಸಿ ಎಂದು ನನ್ನ ಸಲಹೆ. ಪಾಸಾದರೆ ಸಾಕು ಎಂದು ಓದದೆ ಮೊದಲ ಸೆಮಿಸ್ಟರ್‌ನಿಂದಲೇ ಶೇ 60 ಗುರಿ ಇಟ್ಟುಕೊಳ್ಳಲಿ.

ಇನ್ನು ಊರು. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳೂ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೇ ಬರುತ್ತವೆ. ಪಠ್ಯಕ್ರಮ, ಪರೀಕ್ಷೆಗಳನ್ನು ತಾವೇ ನಡೆಸಿಕೊಳ್ಳುವ ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ ಪಠ್ಯಕ್ರಮ ಅದೇ, ಪರೀಕ್ಷೆ ಅದೇ, ಪದವಿಪತ್ರವೂ ಅದೇ. ನಿಮ್ಮ ಊರಿನಿಂದ ದುರ್ಗಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರಬಹುದು. ದಾವಣಗೆರೆಯಾದರೆ ಹಾಸ್ಟೆಲ್ ಖರ್ಚು ಬೀಳುತ್ತದೆ. ಒಳ್ಳೆಯ ಅಕೌಂಟ್ಸ್ ಮೇಷ್ಟ್ರು ಎಲ್ಲಿದ್ದಾರೋ ಅಲ್ಲಿಗೆ ಸೇರಿಸಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಬೇಕು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಈ ವಾರವೇ ನಾಡಕಚೇರಿಗೆ ಹೋಗಿಬನ್ನಿ. ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ.

ಸೀಟಿಗೆ ಈಗಲೇ ಹಣ ಕೇಳಿದವರ ವಿಷಯ. 2024-25ರಿಂದ ಬಿಬಿಎ ನಡೆಸುವ ಕಾಲೇಜುಗಳೂ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಅನುಮೋದನೆ ಪಡೆಯಬೇಕು, ಬಿ.ಕಾಂಗೆ ಈ ನಿಯಮವಿಲ್ಲ. ಈ ವರ್ಷದ ಅನುಮೋದನೆ ಪತ್ರ ತೋರಿಸಿ ಎಂದು ಕೇಳಿ, ಎಐಸಿಟಿಇ ಜಾಲತಾಣದಲ್ಲೂ ಕಾಲೇಜಿನ ಹೆಸರು ನೋಡಿ. ವಿಶ್ವವಿದ್ಯಾಲಯದ ಸಂಯೋಜನೆ ಎಷ್ಟು ಸೀಟಿಗೆ ಇದೆ ಎಂದೂ ಕೇಳಿ. ಎರಡೂ ಸರಿಯಿದ್ದರೆ ಕಾಲೇಜಿನ ಖಾತೆಗೆ ಕಟ್ಟಿ ಮುದ್ರಿತ ರಸೀದಿ ಪಡೆಯಿರಿ. ಅದು ಆಗುವವರೆಗೆ ಮೂಲ ಅಂಕಪಟ್ಟಿಯನ್ನಾಗಲೀ ಟಿಸಿಯನ್ನಾಗಲೀ ಯಾರ ಕೈಗೂ ಕೊಡಬೇಡಿ.

— ಸಂಪಾದಕ