ಕಾಣೆಯಾದದ್ದಲ್ಲ, ಮೇಷ್ಟ್ರೇ

ಶಿವಮೊಗ್ಗದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಶ್ರೀಲಂಕಾದ ಯುದ್ಧ 2009ರಲ್ಲೇ ಮುಗಿಯಿತು. ತಮಿಳು ಪತ್ರಿಕೆಗಳ ಸಂಪಾದಕೀಯದಲ್ಲಿ ಮಾತ್ರ ಇನ್ನೂ ಅದೇ ಗೋಳು. ಇದು ಪತ್ರಿಕಾಧರ್ಮವೇ?’

ಮೇಷ್ಟ್ರೇ, ಒಂದು ಮಾತು ಒಪ್ಪುತ್ತೇನೆ. 1990ರಲ್ಲಿ, ಪ್ರತ್ಯೇಕ ತಮಿಳು ನಾಡಿಗಾಗಿ ಲಂಕಾ ಸೇನೆಯೊಂದಿಗೆ ಕಾದಾಡುತ್ತಿದ್ದ ಎಲ್‌ಟಿಟಿಇ ಉತ್ತರ ಲಂಕಾದ ಜಾಫ್ನಾದ ಮುಸ್ಲಿಮರಿಗೆ ಎರಡು ಗಂಟೆ ಗಡುವು ಕೊಟ್ಟು ಊರು ಬಿಡಿಸಿತು. ಆ ಬಗ್ಗೆ ಅಲ್ಲಿನ ಪತ್ರಿಕೆಗಳು ಬರೆಯಬೇಕಾದಷ್ಟು ಬರೆದಿಲ್ಲ.

ಆದರೆ ತಮಿಳು ಪತ್ರಿಕೆಗಳನ್ನೆಲ್ಲ ಒಂದೇ ಗಂಟು ಕಟ್ಟಬೇಡಿ. ತಮಿಳುನಾಡಿನ ಟ್ರಾಲರ್ ಲಂಕಾ ನೌಕಾಪಡೆಗೆ ಸಿಕ್ಕಿಬಿದ್ದರೆ ಚೆನ್ನೈಗೆ ಅದು ‘ನಮ್ಮ ಮೀನುಗಾರರ ಬಂಧನ’. ಜಾಫ್ನಾಕ್ಕೆ ಅದು ಬಲೆ ಹರಿದ ಸುದ್ದಿ. ಆ ಟ್ರಾಲರ್ ಹರಿದದ್ದು, ಯುದ್ಧಕಾಲದಲ್ಲಿ ಕಡಲಿಗಿಳಿಯಲು ಬಿಡದೆ ಕೂರಿಸಿದ್ದ ಲಂಕಾದ ತಮಿಳನ ಬಲೆ.

ಇನ್ನು ಗೋಳು. ನೀವು ವ್ಯಾಕರಣ ಕಲಿಸಿದವರು, ಸ್ವಲ್ಪ ಕೇಳಿ. 2017ರ ಫೆಬ್ರವರಿಯಲ್ಲಿ ಉತ್ತರ ಲಂಕಾದ ಕಿಳಿನೊಚ್ಚಿಯ ಕಂದಸ್ವಾಮಿ ಕೋವಿಲ್ ಎದುರು ತಾಯಂದಿರು ಧರಣಿ ಕೂತರು. ಕೈಯಲ್ಲಿ ಮಕ್ಕಳ ಫೋಟೊ. ಸೇನೆಗೆ ಶರಣಾದ ಮೇಲೆ ಸುಳಿವೇ ಸಿಗದವರೂ ಅದರಲ್ಲಿದ್ದರು. ಇವರನ್ನು ತಮಿಳಿನಲ್ಲಿ ‘ಕಾಣಾಮಲ್ ಪೋನೋರ್’ ಅನ್ನಬಹುದು, ಕಾಣೆಯಾಗಿ ಹೋದವರು. ‘ಕಾಣಾಮಲ್ ಆಕ್ಕಪ್ಪಟ್ಟೋರ್’ ಅಂತಲೂ ಅನ್ನಬಹುದು, ಕಾಣೆಯಾಗಿಸಲ್ಪಟ್ಟವರು. ಮೊದಲನೆಯದರಲ್ಲಿ ಹುಡುಗ ತಾನೇ ಎಲ್ಲಿಗೋ ಹೋದ. ಎರಡನೆಯದರಲ್ಲಿ ಯಾರೋ ಒಯ್ದಿದ್ದಾರೆ. ‘ಅಲ್ಪಟ್ಟ’ ಕನ್ನಡಕ್ಕೆ ಒಗ್ಗಲ್ಲ ಅಂತ ನೀವೂ ನಾನೂ ಎಷ್ಟು ಸಲ ಕೆಂಪು ಶಾಯಿ ಹಾಕಿಲ್ಲ! ಇಲ್ಲಿ ಅದನ್ನು ಹೊಡೆದುಹಾಕಿದರೆ ತಪ್ಪು ಮಾಡಿದವನೇ ಮಾಯವಾಗುತ್ತಾನೆ. ಆ ಒಂದು ಪ್ರತ್ಯಯ ಉಳಿಸಿಕೊಳ್ಳಲು ಮತ್ತೆ ಮತ್ತೆ ಬರೆಯುವುದನ್ನು ನಾನು ಗೋಳು ಅನ್ನಲಾರೆ.

ಬರೆಯುವುದು ಸುಮ್ನೆ ಮಾತಲ್ಲ. ಜಾಫ್ನಾದ ತಮಿಳು ದಿನಪತ್ರಿಕೆ ‘ಉದಯನ್’ ಕಚೇರಿಗೆ 2006ರ ಮೇ 2ರಂದು ಬಂದೂಕುಧಾರಿಗಳು ನುಗ್ಗಿ ಇಬ್ಬರು ಸಿಬ್ಬಂದಿಯನ್ನು ಕೊಂದರು. 2013ರಲ್ಲಿ, ನೀವು ಹೇಳುವ ಶಾಂತಿಕಾಲದಲ್ಲೇ, ಅದರ ಮುದ್ರಣ ಯಂತ್ರಕ್ಕೆ ಬೆಂಕಿ ಇಟ್ಟರು.

ನಾವೇನು ಮಾಡಿದೆವು? ಕನ್ನಡ ಪತ್ರಿಕೆಗೆ ಲಂಕಾ ಅಂದರೆ ಕ್ರಿಕೆಟ್ಟು, ಪ್ಯಾಕೇಜ್ ಟೂರು. ಪಕ್ಕದ ಮನೆಯ ಮಾತು ನಮಗೆ ದಿಲ್ಲಿ ಸುತ್ತಿ ಇಂಗ್ಲಿಷಿನಲ್ಲಿ ಬರಬೇಕು. ತಮಿಳು ಓದಬಲ್ಲ ಒಬ್ಬರೂ ಇಲ್ಲದ ಡೆಸ್ಕಿನಲ್ಲಿ ನಾನು ವರ್ಷಗಟ್ಟಲೆ ದುಡಿದೆ. ಯಾರಿಗೂ ಅದು ಕೊರತೆ ಅನಿಸಲೇ ಇಲ್ಲ. ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ. ನಿಮಗೆ ಬಿಡುವು ಜಾಸ್ತಿ ಅಲ್ವಾ ಮೇಷ್ಟ್ರೇ? ಕಲಿಯಿರಿ. ಪುಸ್ತಕ ನಾನು ಕಳಿಸುತ್ತೇನೆ.

— ಸಂ.